ನಿಮಗಿದು ಗೊತ್ತೆ? ಮೀನಿನ ಮದ್ದು ಮೀನಿಗೇ ಮುಳುವಾದೀತು!

ಅಕ್ವೇರಿಯಂ ಮೀನಿಗೆ ಕಾಯಿಲೆ ಬಂತೆಂದು ತೊಟ್ಟಿಗೇ ಔಷಧ ಸುರಿದರೆ, ರೋಗ ವಾಸಿಯಾದರೂ ಮೀನು ಸಾಯಬಹುದು. ಕಾರಣ ಫಿಲ್ಟರಿನಲ್ಲಿದೆ. ಅದರ ಸ್ಪಾಂಜಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು ಮೀನು ಹೊರಬಿಡುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲಿನೆರಡೂ ವಿಷ, ಮೂರನೆಯದರ ಕಾಟ ಕಡಿಮೆ.

ಮೆಥಿಲೀನ್ ಬ್ಲೂ ಮತ್ತು ಕೆಲವು ಆ್ಯಂಟಿಬಯಾಟಿಕ್‌ಗಳು ಈ ಉಪಕಾರಿಗಳನ್ನೂ ಕೊಲ್ಲಬಲ್ಲವು. ಆಮೇಲೆ ಅಮೋನಿಯಾ ಏರುತ್ತದೆ. ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತದೆ. ರೋಗ ಜಾಸ್ತಿಯಾಯಿತೆಂದು ನಾವು ಇನ್ನೂ ನಾಲ್ಕು ಹನಿ ಹಾಕುತ್ತೇವೆ!

ಒಂದೇ ಮೀನಿಗೆ ಗಾಯವೋ ರೆಕ್ಕೆ ಕೊಳೆಯುವ ರೋಗವೋ ಆಗಿದ್ದರೆ ಅದನ್ನು ಬೇರೆ ತೊಟ್ಟಿಗೆ ಬಿಟ್ಟು ಮದ್ದು ಕೊಡುವುದೇ ಸರಿ. ಏರ್ ಪಂಪ್ ಇದ್ದರೆ ಶುಭ್ರವಾದ ಪ್ಲಾಸ್ಟಿಕ್ ಟಬ್ಬೂ ಆದೀತು. ಅಲ್ಲಿ ಬ್ಯಾಕ್ಟೀರಿಯಾ ಇಲ್ಲದ್ದರಿಂದ ದಿನವೂ ಒಂದಷ್ಟು ನೀರು ಬದಲಿಸಿ, ಆಹಾರ ಮಿತವಾಗಿರಲಿ.

ಬಿಳಿಚುಕ್ಕೆ ರೋಗದ ಮಾತು ಬೇರೆ. ಅದರ ಪರಾವಲಂಬಿ ಚರ್ಮದೊಳಗೆ ಅಡಗಿರುವಾಗ ಮದ್ದು ತಾಗದು, ನೀರಲ್ಲಿ ಈಜುವ ಹಂತದಲ್ಲಷ್ಟೇ ಸಾಯುತ್ತದೆ. ಹಾಗಾಗಿ ಇಡೀ ತೊಟ್ಟಿಗೇ ಚಿಕಿತ್ಸೆ ಬೇಕು. ಆಗ ಫಿಲ್ಟರಿನ ಇದ್ದಿಲನ್ನು ತೆಗೆದಿಡಿ, ಅದು ಔಷಧವನ್ನೇ ಹೀರಿಬಿಡುತ್ತದೆ. ಸ್ಪಾಂಜನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿಯಬೇಡಿ: ಕ್ಲೋರಿನ್ ಕೂಡ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡಿದರೆ ಸಾಕು.