ತಾಯಿಯ ಹೆಸರಿಗೆ ಜಾಗವಿಲ್ಲದ ಪುಸ್ತಕಗಳು

ಬೆಂಗಳೂರಿನ ವಿಮಾನಪುರಕ್ಕೆ ಹೆಳವರು ಬರುವುದಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಶುರು ಮಾಡಿದ ಮೇಲೆ ಬೆಳೆದ ಊರು ಇದು. ಕೆಲಸ ಹುಡುಕಿಕೊಂಡು ಬಂದವರ ಮನೆಗಳೇ ಹೆಚ್ಚು. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಫಿಟ್ಟರ್ ಆದ ನಮ್ಮಜ್ಜ, ರಾಶಿ ಮುಗಿಯುವ ಹೊತ್ತಿಗೆ ರಜೆ ಹಾಕಿ ಊರಿಗೆ ಹೋಗುತ್ತಿದ್ದ. ಹೆಳವ ಬಂದಾಗ ಮನೆಯಲ್ಲಿ ಗಂಡಸರಿರಬೇಕು, ಆ ವರ್ಷ ಹುಟ್ಟಿದ ಗಂಡುಮಕ್ಕಳ ಹೆಸರು ಬರೆಸಬೇಕು ಎಂಬುದು ಅವನ ಹಟ.

ಹೆಳವರನ್ನು ಕಾಣದವರಿಗಾಗಿ ಎರಡು ಮಾತು. ಹೆಳವ ಎಂದರೆ ಕುಂಟ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಬರೆದ ಸಂಪುಟಗಳಲ್ಲಿ ಇವರನ್ನು ಹಳ್ಳಿಗಳ ಚರಿತ್ರೆ ಕಾಯುವವರು ಎಂದು ಗುರುತಿಸಿದ್ದಾನೆ. ಕಾಲಿಗೆ ಕಂಬಳಿ ಮುಚ್ಚಿಕೊಂಡು ಎತ್ತಿನ ಮೇಲೆ ಕೂತು ಬರುತ್ತಾರೆ, ಮನೆಮನೆಗೂ ಹೋಗಿ ಮನೆತನದ ಕಥೆಯನ್ನೂ ಯುದ್ಧದಲ್ಲಿ ಮಡಿದವರ ಹೆಸರನ್ನೂ ಹೇಳುತ್ತಾರೆ ಎಂದು ಬರೆದಿದ್ದಾನೆ. ಪುಸ್ತಕ ಬಿಚ್ಚಿ, ಮೂಲಪುರುಷ ಯಾವ ಊರಿನವ, ಬರಗಾಲಕ್ಕೋ ಜಗಳಕ್ಕೋ ಅಲ್ಲಿಂದ ಎದ್ದವ ಎಲ್ಲಿ ನಿಂತ, ಅವನ ಮಕ್ಕಳೆಷ್ಟು ಎಂದು ಹೆಳವ ಓದುತ್ತಿದ್ದರೆ ಕೇಳುವವರಿಗೆ ಮೈ ಜುಮ್ಮೆನ್ನುತ್ತಿತ್ತಂತೆ. ಓದಿದ್ದಕ್ಕೆ ಜೋಳ, ಬಟ್ಟೆ, ಉಳ್ಳವರ ಮನೆಯಲ್ಲಾದರೆ ಒಂದು ದನ.

ವಂಶ ಹುಡುಕುವ ಇನ್ನೊಂದು ದಾರಿಯನ್ನು ನಾನು ಕಂಡಿದ್ದು ವಿಮಾನಪುರದಲ್ಲೇ. ನಮ್ಮ ಬೀದಿಯಲ್ಲೊಬ್ಬರು ಆಂಗ್ಲೋ ಇಂಡಿಯನ್ ಆಂಟಿ ಇದ್ದರು. ಅವರ ಮಗಳು ಆಸ್ಟ್ರೇಲಿಯಾದಿಂದ ಡಿಎನ್‌ಎ ಪರೀಕ್ಷೆಯ ಡಬ್ಬಿ ತಂದಿದ್ದಳು. ಕೊಳವೆಯೊಳಗೆ ಎಂಜಲು ಉಗುಳಿ ಮುಚ್ಚಿ ಕೊಟ್ಟರು, ಅಷ್ಟೆ. ತಿಂಗಳುಗಳ ನಂತರ ಫಲಿತಾಂಶ ಬಂತು. ಅವರ ತಾಯಿಯ, ಆ ತಾಯಿಯ ತಾಯಿಯ, ಹೀಗೆ ಹೆಂಗಸರ ಸಾಲಿನಲ್ಲೇ ಹಿಂದೆ ಹಿಂದೆ ಹೋದರೆ ಸಿಗುವ ಎಳೆ ಭಾರತದ್ದು. ಆಂಟಿಯ ಮನೆಯಲ್ಲಿದ್ದ ವಂಶಾವಳಿಯೋ ಒಬ್ಬ ಸಿಪಾಯಿಯಿಂದ ಶುರುವಾಗಿ ಗಂಡಸರ ಹೆಸರುಗಳಲ್ಲೇ ಇಳಿದು ಬಂದಿತ್ತು. ‘ಹಾಗಾದರೆ ಅವಳು ಯಾರು?’ ಎಂದು ಅವರು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ.

ಉತ್ತರ ಇದ್ದರೆ ಚರ್ಚಿನ ಹಳೆಯ ಪುಸ್ತಕಗಳಲ್ಲಿರಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇನೆ 1809ರಲ್ಲಿ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿನ ಕಂಟೋನ್ಮೆಂಟಿಗೆ ಬಂತು. ಸೇನೆಯ ಜೊತೆ ಪಾದ್ರಿ ಬಂದ, ಪಾದ್ರಿಯ ಜೊತೆ ರಿಜಿಸ್ಟರು ಬಂತು. ಜ್ಞಾನಸ್ನಾನ, ಮದುವೆ, ಸಮಾಧಿ ಎಲ್ಲವನ್ನೂ ಅದರಲ್ಲಿ ಬರೆದು, ಒಂದು ಪ್ರತಿಯನ್ನು ಮದ್ರಾಸಿನ ಮೂಲಕ ಲಂಡನ್ನಿಗೆ ಕಳಿಸುತ್ತಿದ್ದರು. ಆ ಪ್ರತಿಗಳು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಪ್ರಾಂತ್ಯದ ಕಡತಗಳ ನಡುವೆ ಇವೆ. ತಂದೆಯ ಹೆಸರು, ಹುದ್ದೆ, ಪಲ್ಟನ್ನು ಎಲ್ಲ ಅಚ್ಚುಕಟ್ಟು. ತಾಯಿ ಇಲ್ಲಿನವಳಾಗಿದ್ದರೆ ಅನೇಕ ಕಡೆ ‘ದೇಸಿ ಹೆಂಗಸು’ ಎಂಬಷ್ಟೇ ಬರಹ. ಇಲ್ಲವೇ ಮತಾಂತರದ ದಿನ ಕೊಟ್ಟ ಒಂದು ಹೊಸ ಹೆಸರು. ಅವಳಪ್ಪ ಯಾರು, ಅವಳಾಡುತ್ತಿದ್ದ ಮಾತು ಕನ್ನಡವೋ ತಮಿಳೋ ತೆಲುಗೋ, ಯಾವುದೂ ಇಲ್ಲ.

ಇದನ್ನು ಬರೀ ಪಾದ್ರಿಯ ಉದಾಸೀನ ಎಂದು ಬಿಡುವಂತಿಲ್ಲ. 1791ರಲ್ಲಿ ಕಂಪನಿ ಒಂದು ಆಜ್ಞೆ ಹೊರಡಿಸಿತ್ತು. ಅದರಂತೆ ಭಾರತೀಯರಿಗೆ ಹುಟ್ಟಿದ ಮಗನಿಗೆ ಕಂಪನಿಯ ಸಿವಿಲ್, ಸೇನಾ, ನೌಕಾ ಹುದ್ದೆ ಇಲ್ಲ. 1795ರಲ್ಲಿ ಇನ್ನೂ ಬಿಗಿ ಮಾಡಿ, ತಂದೆ ತಾಯಿಯಲ್ಲಿ ಒಬ್ಬರ ಕಡೆಯಿಂದಾದರೂ ಯುರೋಪಿಯನ್ ಅಲ್ಲದವನು ಸೇನೆಯಲ್ಲಿ ಕೊಳಲೂದಬಹುದು, ನಗಾರಿ ಬಾರಿಸಬಹುದು, ಕುದುರೆಗೆ ಲಾಳ ಕಟ್ಟಬಹುದು, ಅಷ್ಟೇ ಎಂದರು. ತಾಯಿಯ ಹೆಸರು ಹೇಳಿದರೆ ಮಗನ ಅನ್ನಕ್ಕೆ ಕಲ್ಲು. ಅಂಥ ಕಾಲದಲ್ಲಿ ಹೆಸರು ಮುಚ್ಚಿಟ್ಟ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಮುಚ್ಚಿಡುವಂತೆ ಮಾಡಿದವರ ಮೇಲಿದೆ.

ಮುಂದೆ 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಈಗಿನ ವಿಮಾನಪುರದ ಪೂರ್ವಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಹೆಸರಿನ ವೈಟ್‌ಫೀಲ್ಡ್ ಹುಟ್ಟಿದ್ದು ಹಾಗೆ. ನೆಲ ಸಿಕ್ಕಿತು, ಆದರೆ ತಾಯಿ ಸಿಗಲಿಲ್ಲ. ನಮ್ಮ ಸಂವಿಧಾನದ 366ನೇ ವಿಧಿಯೂ ಆಂಗ್ಲೋ ಇಂಡಿಯನ್ ಯಾರೆಂದು ಹೇಳುವಾಗ ತಂದೆ, ತಂದೆಯ ತಂದೆ ಎಂಬ ಗಂಡುಸಾಲನ್ನೇ ಹಿಡಿದಿದೆ.

ಹೀಗೆ ಕಾಗದ ಕೈಬಿಟ್ಟ ಎಳೆಯನ್ನು ಹಿಡಿದುಕೊಂಡಿರುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾದ ಡಿಎನ್‌ಎ. ತಾಯಿ ಅದನ್ನು ಮಗನಿಗೂ ಮಗಳಿಗೂ ಕೊಡುತ್ತಾಳೆ. ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ. 2013ರ ಜೂನ್‌ನಲ್ಲಿ ಇಡೀ ಇಂಗ್ಲೆಂಡಿಗೆ ಇದು ಗೊತ್ತಾಯಿತು. ಸೂರತ್ತಿನಲ್ಲಿ ಥಿಯೊಡೋರ್ ಫೋರ್ಬ್ಸ್ ಎಂಬ ಸ್ಕಾಟ್ ವರ್ತಕನ ಮನೆ ನೋಡಿಕೊಳ್ಳುತ್ತಿದ್ದ ಎಲಿಜಾ ಕೆವಾರ್ಕ್ ಅವನ ಮಕ್ಕಳ ತಾಯಿ. ಮನೆತನದ ನೆನಪಿನಲ್ಲಿ ಆಕೆ ‘ಅರ್ಮೇನಿಯದವಳು’. 1812ರಲ್ಲಿ ಹುಟ್ಟಿದ ಮಗಳು ಕ್ಯಾಥರೀನಳನ್ನು ಎಳೆಯ ವಯಸ್ಸಿನಲ್ಲೇ ಸ್ಕಾಟ್ಲೆಂಡಿಗೆ ಕಳಿಸಿದರು, ತಾಯಿ ಇಲ್ಲೇ ಉಳಿದಳು. ಆ ಮಗಳ ಹೆಣ್ಣುಸಾಲು ಡಯಾನಾವರೆಗೂ, ಡಯಾನಾಳಿಂದ ರಾಜಕುಮಾರ ವಿಲಿಯಂವರೆಗೂ ಬರುತ್ತದೆ. ಅದೇ ಸಾಲಿನ ಇಬ್ಬರು ದೂರದ ನೆಂಟರ ಎಂಜಲು ಪರೀಕ್ಷಿಸಿದಾಗ ಸಿಕ್ಕಿದ್ದು ಆರ್30ಬಿ ಎಂಬ ಅಪರೂಪದ ಗುರುತು. ಅದುವರೆಗೆ ಅದು ಕಂಡಿದ್ದು ಭಾರತ, ನೇಪಾಳದ ಜನರಲ್ಲಿ. ಇನ್ನೂರು ವರ್ಷ ಹೇಳಿಕೊಂಡು ಬಂದದ್ದು ಏನೇ ಇರಲಿ, ಎಲಿಜಾಳ ತಾಯಿಸಾಲು ಈ ಕಡೆಯದು.

ಆದರೆ ಡಬ್ಬಿಯ ಮೇಲೆ ಕುರುಡು ನಂಬಿಕೆ ಬೇಡ. ತಾಯಿಯ ಸಾಲೆಂದರೆ ಐದು ತಲೆಮಾರು ಹಿಂದಿನ ಮೂವತ್ತೆರಡು ಜನರಲ್ಲಿ ಒಬ್ಬಳು ಮಾತ್ರ. ಉಳಿದ ಮೂವತ್ತೊಂದು ಜನರ ಬಗ್ಗೆ ಆ ಎಳೆ ಮಾತಾಡುವುದಿಲ್ಲ. ದಾಯಾದಿಗಳನ್ನು ಹುಡುಕುವ ಪರೀಕ್ಷೆ ಬೇರೆ. ಅಣ್ಣತಮ್ಮಂದಿರ ಮಕ್ಕಳ ನಡುವೆ ಸುಮಾರು ಎಂಟನೇ ಒಂದು ಪಾಲು ಡಿಎನ್‌ಎ ಒಂದೇ ಇರುತ್ತದೆ ಎಂಬಂಥ ಲೆಕ್ಕದ ಮೇಲೆ ಅದು ನಡೆಯುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಟ್ಟ ನಮ್ಮಂಥ ಮನೆಗಳಲ್ಲಿ ಒಂದೇ ಪಾಲು ಎರಡು ದಾರಿಯಿಂದ ಬರುತ್ತದೆ, ದೂರದವರು ಹತ್ತಿರದವರಂತೆ ಕಾಣುತ್ತಾರೆ. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳಿಗಾದಂತೆ, ಹುಟ್ಟಿನ ಗುಟ್ಟು ಹೊರಬಿದ್ದು ಮನೆಗಳೂ ಅಲುಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಲು ಹೆಸರು ಹೇಳುವುದಿಲ್ಲ. ಹೆಸರಿಗೆ ಕಾಗದವೇ ಬೇಕು, ಇಲ್ಲವೇ ಯಾರದಾದರೂ ಬಾಯಿ.

ನಮ್ಮ ಹೆಳವನ ಪುಸ್ತಕ ಈ ವಿಷಯದಲ್ಲಿ ಪಾದ್ರಿಯ ರಿಜಿಸ್ಟರಿಗಿಂತ ಮೇಲೆಂದು ಅಂದುಕೊಂಡಿದ್ದೆ. ಕಳೆದ ಸಲ ಊರಿಗೆ ಹೋದಾಗ ನಮ್ಮ ಮನೆತನದ ಪುಟ ತೆಗೆಸಿ ಓದಿಸಿದೆ. ಅಜ್ಜನ ಹೆಸರಿದೆ, ಅಜ್ಜನ ಮುತ್ತಜ್ಜನದೂ ಇದೆ. ನನ್ನ ಅವ್ವನ ಹೆಸರಿಲ್ಲ.

ವಿಮಾನಪುರಕ್ಕೆ ಮರಳಿದ ರಾತ್ರಿ ಅವ್ವನ ಎದುರು ನೋಟ್‌ಬುಕ್ಕು ಹಿಡಿದು ಕೂತೆ. ಅವಳ ಅವ್ವ, ಆ ಅವ್ವನ ಅವ್ವ, ಅವಳ ಅವ್ವ. ಮೂರು ಹೆಸರು ತಡೆಯಿಲ್ಲದೆ ಬಂದವು. ನಾಲ್ಕನೆಯದಕ್ಕೆ ಅವ್ವ ಬಹಳ ಹೊತ್ತು ಸುಮ್ಮನಿದ್ದಳು.

“ಆಕೀ ಹೆಸರು ಗೊತ್ತಿಲ್ಲಪಾ. ಎಲ್ಲಾರೂ ಇಳಕಲ್ಲಾಕಿ ಅಂತಿದ್ರು.”

ಹಾಗೆಯೇ ಬರೆದುಕೊಂಡೆ. ಮುಂದೆ ಹೆಸರಿಗೆ ಜಾಗ ಬಿಟ್ಟಿದ್ದೇನೆ.