ಬಲ್ಬೀರ್ ಸಿಂಗ್ ಸೀನಿಯರ್

ಬಲ್ಬೀರ್ ಸಿಂಗ್ ದೋಸಾಂಝ್ (31 ಡಿಸೆಂಬರ್ 1923 – 25 ಮೇ 2020) ಭಾರತದ ಹಾಕಿ ಆಟಗಾರರು ಹಾಗೂ ತಂಡದ ವ್ಯವಸ್ಥಾಪಕರು. 1948ರ ಲಂಡನ್, 1952ರ ಹೆಲ್ಸಿಂಕಿ ಮತ್ತು 1956ರ ಮೆಲ್ಬರ್ನ್ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗೆದ್ದ ಭಾರತ ತಂಡಗಳಲ್ಲಿ ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ಆಡಿದರು. ಒಲಿಂಪಿಕ್ಸ್‌ನಲ್ಲಿ ಅವರು ಆಡಿದ್ದು ಕೇವಲ 8 ಪಂದ್ಯ. ಗಳಿಸಿದ್ದು 22 ಗೋಲು. ಭಾರತೀಯ ಹಾಕಿಯಲ್ಲಿ ಬಲ್ಬೀರ್ ಸಿಂಗ್ ಎಂಬ ಹೆಸರಿನವರು ಹಲವರಿದ್ದು, 1968ರ ಮೆಕ್ಸಿಕೋ ಒಲಿಂಪಿಕ್ಸ್ ತಂಡವೊಂದರಲ್ಲಿಯೇ ಮೂವರಿದ್ದರು. ಆದ್ದರಿಂದ ಇವರನ್ನು 'ಸೀನಿಯರ್' ಎಂದು ಗುರುತಿಸುವುದು ರೂಢಿಗೆ ಬಂದಿತು.

ಆರಂಭಿಕ ಜೀವನ

ಪಂಜಾಬಿನ ಹರಿಪುರ ಖಾಲ್ಸಾ ಗ್ರಾಮದಲ್ಲಿ ಜನಿಸಿದರು. ತಂದೆ ದಲೀಪ್ ಸಿಂಗ್ ಸ್ವಾತಂತ್ರ್ಯ ಹೋರಾಟಗಾರರು. ಲಾಹೋರಿನ ಸಿಖ್ ನ್ಯಾಷನಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಇವರ ಆಟವನ್ನು ಗಮನಿಸಿದ ತರಬೇತುದಾರ ಹರ್ಬೈಲ್ ಸಿಂಗ್ ಇವರನ್ನು ಅಮೃತಸರದ ಖಾಲ್ಸಾ ಕಾಲೇಜಿಗೆ ಕರೆತಂದರು. ಮುಂದೆ ಪಂಜಾಬ್ ಪೊಲೀಸ್ ಇಲಾಖೆಯು ತನ್ನ ತಂಡಕ್ಕೆ ಇವರನ್ನು ಸೇರಿಸಿಕೊಳ್ಳಲು ಬಯಸಿತು. ತಂದೆಯಂತಹ ಚಳವಳಿಗಾರರನ್ನು ಸೆರೆಗೆ ತಳ್ಳುತ್ತಿದ್ದ ಇಲಾಖೆಯಲ್ಲಿ ಕೆಲಸ ಮಾಡಲು ಮನಸ್ಸಿಲ್ಲದೆ ಬಲ್ಬೀರ್ ದೆಹಲಿಗೆ ಹೋಗಿಬಿಟ್ಟರು. ಅಲ್ಲಿಂದ ತಮ್ಮನ್ನು ಕೈಕೋಳ ತೊಡಿಸಿ ಪಂಜಾಬಿಗೆ ಮರಳಿ ಕರೆತರಲಾಯಿತೆಂದು ಅವರೇ ಹೇಳಿಕೊಂಡಿದ್ದಾರೆ.

1947ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ಅವಿಭಜಿತ ಪಂಜಾಬ್ ತಂಡದಲ್ಲಿ ಅವರಿದ್ದರು. ಅದೇ ವರ್ಷ ದೇಶ ವಿಭಜನೆಯಾಗಿ, ಒಂದೇ ಅಂಗಿ ತೊಟ್ಟು ಆಡಿದ್ದ ಗೆಳೆಯರು ಎರಡು ದೇಶಗಳ ಆಟಗಾರರಾದರು.

ಲಂಡನ್, 1948

ಸ್ವತಂತ್ರ ಭಾರತವು ಭಾಗವಹಿಸಿದ ಮೊದಲ ಒಲಿಂಪಿಕ್ಸ್ ಇದು. ಕಿಶನ್ ಲಾಲ್ ನಾಯಕರಾಗಿದ್ದರು. ಆಸ್ಟ್ರಿಯಾ ವಿರುದ್ಧದ ಮೊದಲ ಪಂದ್ಯದಲ್ಲಿ ಬಲ್ಬೀರ್ ಅವರಿಗೆ ಸ್ಥಾನ ದೊರೆಯಲಿಲ್ಲ. ಎರಡನೆಯ ಪಂದ್ಯದಲ್ಲಿ ಭಾರತವು ಅರ್ಜೆಂಟೀನಾವನ್ನು 9–1ರಿಂದ ಸೋಲಿಸಿದಾಗ ಅವುಗಳಲ್ಲಿ 6 ಗೋಲು ಇವರವು. ಇಷ್ಟಾದರೂ ಸ್ಪೇನ್ ಹಾಗೂ ನೆದರ್ಲೆಂಡ್ಸ್ ವಿರುದ್ಧದ ಮುಂದಿನ ಎರಡು ಪಂದ್ಯಗಳಲ್ಲಿ ಅವರನ್ನು ಹೊರಗಿರಿಸಲಾಯಿತು. ಆ ಎರಡರಲ್ಲಿ ಭಾರತದ ಗೆಲುವಿನ ಅಂತರ ಕ್ರಮವಾಗಿ 2–0 ಮತ್ತು 2–1ಕ್ಕೆ ಇಳಿದಿತ್ತು ಎಂಬುದು ಗಮನಾರ್ಹ.

ಆಗಸ್ಟ್ 12ರಂದು ವೆಂಬ್ಲಿಯಲ್ಲಿ ನಡೆದ ಫೈನಲ್‌ಗೆ ಅವರನ್ನು ಮರಳಿ ಆರಿಸಲಾಯಿತು. ಎದುರಾಳಿ ಬ್ರಿಟನ್. ಭಾರತವು ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಒಲಿಂಪಿಕ್ ಹಾಕಿಯಲ್ಲಿ ಈ ಎರಡು ತಂಡಗಳು ಒಮ್ಮೆಯೂ ಎದುರಾಗಿರಲಿಲ್ಲ. ಮಳೆಯಿಂದ ಒದ್ದೆಯಾಗಿದ್ದ ಅಂಕಣವು ಭಾರತೀಯರ ವೇಗದ ಆಟಕ್ಕೆ ಹೊಂದುವಂತಿರಲಿಲ್ಲವಾದರೂ ಮೊದಲ ಎರಡು ಗೋಲುಗಳನ್ನು ಬಲ್ಬೀರ್ ಹೊಡೆದರು. ಭಾರತ 4–0ರಿಂದ ಗೆದ್ದಿತು. ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವಕ್ಕೆ ಮೂರು ದಿನ ಮೊದಲು, ಹಿಂದಿನ ಆಳರಸರ ರಾಜಧಾನಿಯಲ್ಲಿ ತ್ರಿವರ್ಣ ಧ್ವಜ ಏರಿತು.

ಹೆಲ್ಸಿಂಕಿ, 1952

ಕೆ. ಡಿ. ಸಿಂಗ್ ಬಾಬು ನಾಯಕತ್ವದ ತಂಡದಲ್ಲಿ ಬಲ್ಬೀರ್ ಉಪನಾಯಕರು. ಉದ್ಘಾಟನಾ ಸಮಾರಂಭದಲ್ಲಿ ಭಾರತದ ಧ್ವಜಧಾರಿಯೂ ಅವರೇ. ಸೆಮಿಫೈನಲ್‌ನಲ್ಲಿ ಬ್ರಿಟನ್ ವಿರುದ್ಧದ 3–1ರ ಗೆಲುವಿನ ಮೂರೂ ಗೋಲುಗಳು ಅವರವು. ನೆದರ್ಲೆಂಡ್ಸ್ ವಿರುದ್ಧದ ಫೈನಲ್‌ನಲ್ಲಿ ಭಾರತ 6–1ರಿಂದ ಜಯಗಳಿಸಿತು. ಅವುಗಳಲ್ಲಿ 5 ಗೋಲು ಬಲ್ಬೀರ್ ಅವರವು. ಪುರುಷರ ಒಲಿಂಪಿಕ್ ಹಾಕಿ ಫೈನಲ್‌ನಲ್ಲಿ ಒಬ್ಬ ಆಟಗಾರ ಗಳಿಸಿದ ಅತ್ಯಧಿಕ ಗೋಲುಗಳ ದಾಖಲೆ ಇದು. ಇದಕ್ಕೂ ಮುನ್ನ 1908ರಲ್ಲಿ ಇಂಗ್ಲೆಂಡಿನ ರೆಗ್ಗಿ ಪ್ರಿಡ್‌ಮೋರ್ 4 ಗೋಲು ಹೊಡೆದಿದ್ದರು. ಕೂಟದಲ್ಲಿ ಭಾರತ ಗಳಿಸಿದ ಒಟ್ಟು 13 ಗೋಲುಗಳಲ್ಲಿ 9 ಇವರ ಸ್ಟಿಕ್ಕಿನಿಂದಲೇ ಬಂದವು.

ಮೆಲ್ಬರ್ನ್, 1956

ಈ ಬಾರಿ ಬಲ್ಬೀರ್ ನಾಯಕರು. ಅಫ್ಘಾನಿಸ್ತಾನದ ವಿರುದ್ಧದ 14–0 ಗೆಲುವಿನಲ್ಲಿ 5 ಗೋಲು ಗಳಿಸಿದರಾದರೂ ಆ ಪಂದ್ಯದಲ್ಲಿಯೇ ಬಲಗೈ ಬೆರಳಿನ ಮೂಳೆ ಮುರಿಯಿತು. ಗಾಯದ ಸಂಗತಿಯನ್ನು ತಂಡವು ಗೋಪ್ಯವಾಗಿರಿಸಿತು. ಎದುರಾಳಿಗಳು ಇವರನ್ನು ತಡೆಯಲು ಸಾಮಾನ್ಯವಾಗಿ ಇಬ್ಬರು ರಕ್ಷಣಾ ಆಟಗಾರರನ್ನು ನಿಯೋಜಿಸುತ್ತಿದ್ದರು. ಬೆರಳು ಮುರಿದಿರುವುದು ತಿಳಿದರೆ ಆ ಇಬ್ಬರೂ ಬೇರೆಯವರ ಮೇಲೆ ಕಣ್ಣಿಡುತ್ತಿದ್ದರು. ಅಮೆರಿಕ ಮತ್ತು ಸಿಂಗಪುರದ ವಿರುದ್ಧದ ಪಂದ್ಯಗಳಲ್ಲಿ ವಿಶ್ರಾಂತಿ ಪಡೆದು, ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಮರಳಿದರು.

ಪಾಕಿಸ್ತಾನದ ವಿರುದ್ಧದ ಫೈನಲ್‌ನಲ್ಲಿಯೂ ನೋವಿನೊಂದಿಗೇ ಆಡಿದರು. ರಣಧೀರ್ ಸಿಂಗ್ ಜೆಂಟಲ್ ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ಏಕೈಕ ಗೋಲಿನಿಂದ ಭಾರತ ಗೆದ್ದಿತು. ಇಡೀ ಕೂಟದಲ್ಲಿ ಭಾರತ 38 ಗೋಲು ಗಳಿಸಿ, ಒಂದನ್ನೂ ಬಿಟ್ಟುಕೊಡಲಿಲ್ಲ. ಆದರೆ ಕೊನೆಯ ಎರಡು ಪಂದ್ಯಗಳ 1–0 ಅಂತರವು ಭಾರತದ ಏಕಸ್ವಾಮ್ಯ ಸಡಿಲಗೊಳ್ಳುತ್ತಿದ್ದುದನ್ನು ಸೂಚಿಸುತ್ತದೆ. 1958ರ ಟೋಕಿಯೋ ಏಷ್ಯನ್ ಕ್ರೀಡಾಕೂಟದಲ್ಲಿ ಪಾಕಿಸ್ತಾನ ಚಿನ್ನ ಗೆದ್ದಿತು. ಬಲ್ಬೀರ್ ಅವರಿದ್ದ ಭಾರತ ತಂಡಕ್ಕೆ ಬೆಳ್ಳಿ ದೊರೆಯಿತು.

ವ್ಯವಸ್ಥಾಪಕರಾಗಿ

1975ರ ಕ್ವಾಲಾಲಂಪುರ ವಿಶ್ವಕಪ್‌ನಲ್ಲಿ ಅವರು ತಂಡದ ವ್ಯವಸ್ಥಾಪಕರಾಗಿದ್ದರು. ಕೊಡಗಿನ ಬಿ. ಪಿ. ಗೋವಿಂದ ಆ ತಂಡದ ಆಟಗಾರರಲ್ಲಿ ಒಬ್ಬರು. ಮಲೇಷ್ಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಭಾರತ ಹಿಂದೆ ಬಿದ್ದು, ಕೆಲವೇ ನಿಮಿಷಗಳು ಉಳಿದಿದ್ದಾಗ ಬದಲಿ ಆಟಗಾರ ಅಸ್ಲಂ ಶೇರ್ ಖಾನ್ ಅವರನ್ನು ಕಣಕ್ಕಿಳಿಸಲಾಯಿತು. ಪೆನಾಲ್ಟಿ ಕಾರ್ನರ್‌ನಲ್ಲಿ ಅವರು ಸಮಬಲದ ಗೋಲು ಹೊಡೆದರು. ಹೆಚ್ಚುವರಿ ಅವಧಿಯಲ್ಲಿ ಭಾರತ ಗೆದ್ದಿತು. ಫೈನಲ್‌ನಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಗೆದ್ದ ಆ ಕಪ್ ಪುರುಷರ ವಿಶ್ವಕಪ್ ಹಾಕಿಯಲ್ಲಿ ಭಾರತದ ಏಕೈಕ ಪ್ರಶಸ್ತಿ.

ಗೌರವಗಳು ಹಾಗೂ ಕಳೆದುಹೋದ ಸ್ಮರಣಿಕೆಗಳು

1957ರಲ್ಲಿ ಪದ್ಮಶ್ರೀ ಪಡೆದರು; ಈ ಗೌರವ ಪಡೆದ ಮೊದಲ ಕ್ರೀಡಾಪಟು ಇವರು. ಮೆಲ್ಬರ್ನ್ ಒಲಿಂಪಿಕ್ಸ್ ನೆನಪಿಗಾಗಿ ಡೊಮಿನಿಕನ್ ಗಣರಾಜ್ಯವು ಹೊರತಂದ ಅಂಚೆಚೀಟಿಯಲ್ಲಿ ಬಲ್ಬೀರ್ ಮತ್ತು ಗುರುದೇವ್ ಸಿಂಗ್ ಅವರ ಚಿತ್ರವಿದೆ. 'ದಿ ಗೋಲ್ಡನ್ ಹ್ಯಾಟ್ರಿಕ್' ಅವರ ಆತ್ಮಕಥೆ.

1985ರಲ್ಲಿ, ಉದ್ದೇಶಿತ ಕ್ರೀಡಾ ವಸ್ತುಸಂಗ್ರಹಾಲಯಕ್ಕೆಂದು ಅವರು 36 ಪದಕಗಳು, ನೂರಕ್ಕೂ ಹೆಚ್ಚು ಛಾಯಾಚಿತ್ರಗಳು ಮತ್ತು ಮೆಲ್ಬರ್ನ್‌ನಲ್ಲಿ ನಾಯಕರಾಗಿ ಧರಿಸಿದ್ದ ಬ್ಲೇಜರನ್ನು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ನೀಡಿದರು. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಸಂದರ್ಭದ ಪ್ರದರ್ಶನವೊಂದು ಒಲಿಂಪಿಕ್ ಇತಿಹಾಸದ 16 ಮೇರು ಕ್ರೀಡಾಪಟುಗಳನ್ನು ಗುರುತಿಸಿತು. ಅವರಲ್ಲಿ ಬಲ್ಬೀರ್ ಒಬ್ಬರೇ ಭಾರತೀಯರು. ಆ ಪ್ರದರ್ಶನಕ್ಕಾಗಿ ವಸ್ತುಗಳನ್ನು ಕೇಳಿದಾಗ ಅವು ಕಾಣೆಯಾಗಿರುವುದು ತಿಳಿದುಬಂದಿತು. ಕುಟುಂಬದವರು ಹಲವು ವರ್ಷ ಪ್ರಯತ್ನಿಸಿದರೂ, 2020ರ ಮೇ 25ರಂದು ಮೊಹಾಲಿಯಲ್ಲಿ ಅವರು ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾಗುವವರೆಗೂ ಅವು ಮರಳಿ ದೊರೆಯಲಿಲ್ಲ. ಮರುವರ್ಷ ಮೊಹಾಲಿಯ ಅಂತರರಾಷ್ಟ್ರೀಯ ಹಾಕಿ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಡಲಾಯಿತು.