ದೇವರಮನೆಯಲ್ಲಿ ಕ್ಯಾಮೆರಾ ತಡೆದರೆ?

ಪ್ರಶ್ನೆ: ಮೂಡಿಗೆರೆಯ ದೇವರಮನೆಯಂಥ ಕಡೆ ಫೋಟೊ ತೆಗೆಯುವಾಗ ಪೊಲೀಸರೋ ಕಾವಲುಗಾರರೋ ತಡೆದರೆ ಕ್ಯಾಮೆರಾ ಕೊಡಬೇಕೆ? ಚಿತ್ರ ಅಳಿಸಬೇಕೆ?

ಸಾರ್ವಜನಿಕ ಜಾಗದಲ್ಲಿ ಫೋಟೊ ತೆಗೆಯುವುದನ್ನೇ ಅಪರಾಧವೆನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಹೆಚ್ಚಾಗಿ ತಡೆ ಬರುವುದು ನೀವು ನಿಂತ ನೆಲದಿಂದ. ರಸ್ತೆಯಲ್ಲಿ ನಿಂತು ಕಾಫಿ ಹೂವನ್ನು ಎಷ್ಟು ಹೊತ್ತಾದರೂ ನೋಡಿ, ಯಾರೂ ಕೇಳುವುದಿಲ್ಲ. ಬೇಲಿ ದಾಟಿದರೆ ತೋಟದ ಸಾಹುಕಾರರ ಮಾತೇ ನಡೆಯುವುದು. ಕ್ಯಾಮೆರಾಕ್ಕೂ ಅದೇ ಲೆಕ್ಕ. ದೇವರಮನೆಯ ಕಾಲಭೈರವೇಶ್ವರನ ಗುಡಿಯೊಳಗೆ ದೇವಸ್ಥಾನದ ನಿಯಮ, ಭದ್ರಾದಂಥ ಅಭಯಾರಣ್ಯದಲ್ಲಿ 1972ರ ವನ್ಯಜೀವಿ ಕಾಯ್ದೆ. ಡ್ರೋನ್ ಹಾರಿಸಿದರೆ 2021ರ ಡ್ರೋನ್ ನಿಯಮಗಳು ಬೇರೆ.

ಕಾವಲುಗಾರ ತನ್ನ ಆವರಣದಿಂದ ಹೊರಗೆ ಹೋಗಿ ಎನ್ನಬಹುದು, ಕ್ಯಾಮೆರಾ ಕಸಿಯುವಂತಿಲ್ಲ. ಪೊಲೀಸರಿಗೆ ಆ ಅಧಿಕಾರವುಂಟು, ಆದರೆ ಅಪರಾಧದ ಅನುಮಾನವಿರಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಮಿನಂತೆ ಜಪ್ತಿಯನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 'ಡಿಲೀಟ್ ಮಾಡ್ರಿ' ಎನ್ನುವ ಅಧಿಕಾರವನ್ನು ಆ ಕಲಮು ಕೊಟ್ಟಿಲ್ಲ. ಚಿತ್ರ ನಿಜಕ್ಕೂ ಅಪರಾಧದ್ದಾದರೆ ಅಳಿಸಿದ್ದು ಸಾಕ್ಷ್ಯವನ್ನೇ ಅಲ್ಲವೆ?

ಹೆದರಿ ಅಳಿಸಿಬಿಟ್ಟಿರಾ? ಆ ಕಾರ್ಡಿನಲ್ಲಿ ಮತ್ತೆ ಚಿತ್ರ ತೆಗೆಯಬೇಡಿ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಕಡತದ ವಿಳಾಸ ಮಾತ್ರ. ರಿಕವರಿ ತಂತ್ರಾಂಶದಿಂದ ಚಿತ್ರ ಬಹುಪಾಲು ಸಿಗುತ್ತದೆ.